ಬೇಲಿ ಗೂಟದ ಅಣಬಿ ಯಾರ ಪಾಲಿಗೆ?

ಮಿರಗ ಕಳೆದು ಆರಿದ್ರಾ ಹಿಡಿಯಿತೆಂದರೆ ನಮ್ಮ ಹುಲಸೂರಿನ ಮಂದಿ ತಲೆ ಬಗ್ಗಿಸಿ ನಡೆಯುತ್ತಾರೆ, ನೀವೂ ನೋಡಿದ್ದೀರಲ್ಲ? ಹೊಲಕ್ಕೆ ಹೊರಟವರು, ದನ ಹೊಡೆದುಕೊಂಡು ಬರುವವರು, ಸಾಲಿ ಬಿಟ್ಟ ಹುಡುಗರು, ಎಲ್ಲರ ಕಣ್ಣೂ ನೆಲದ ಮೇಲೆ. ಹುತ್ತದ ಬಾಜೂ, ಗಾಯರಾಣದ ಹುಲ್ಲಿನ ಸಂದಿಯಲ್ಲಿ ಬೆಳ್ಳಗೆ ಒಂದು ತಲೆ ಎದ್ದಿದೆಯೇನು ಅಂತ ಹುಡುಕಾಟ. ಸಿಕ್ಕಿತೋ, ಸುದ್ದಿ ಯಾರಿಗೂ ಹೇಳುವ ಹಾಗಿಲ್ಲ. ಟಾವೆಲ್ಲಿನಲ್ಲಿ ಸುತ್ತಿ, ಅದನ್ನು ಬಗಲಿಗೆ ಇಟ್ಟುಕೊಂಡು, ಏನೂ ಆಗೇ ಇಲ್ಲ ಅನ್ನೋ ಮುಖ ಮಾಡಿ ಮನೆಗೆ ಬರಬೇಕು. ಆ ಹುತ್ತದ ಜಾಗ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಕೆಲವರು ಅಳಿಯನಿಗೂ ಹೇಳುವುದಿಲ್ಲವಂತೆ!

ಆದರೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಒಣಗಿ ನಿಂತ ಮಾವಿನ ಮರದ ಮೈಮೇಲೆ ಅಣಬೆ ಬುಟ್ಟಿಯೊಳಗಿನ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಪೇರಿಸಿಕೊಂಡು ಕೂತಿರುತ್ತದೆ. ಕತ್ತೆತ್ತಿ ನೋಡುವವರು ಯಾರೂ ಇಲ್ಲ. ನೋಡಿದರೂ, "ಅದು ಮರದ್ದು ಬಿಡ್ರಿ, ಅದನ್ಯಾರ್ ತಿಂತಾರ" ಅಂತ ಮುಂದೆ ಹೋಗುತ್ತಾರೆ. ಹುತ್ತದ್ದಾದರೆ ಮರ್ಯಾದೆ, ಮರದ್ದಾದರೆ ಇಲ್ಲ. ಯಾಕಿರಬಹುದು ಹೇಳಿ? ಹುತ್ತದ ಅಣಬೆಯೂ ಕಡೆಗೆ ಕಟ್ಟಿಗೆಯನ್ನೇ ಉಂಡು ಎದ್ದದ್ದು. ಗೆದ್ದಲು ಒಣ ಕಟ್ಟಿಗೆ, ಕಸಕಡ್ಡಿ ಅಗಿದು ತಂದು ನೆಲದೊಳಗೆ ತೋಟ ಕಟ್ಟುತ್ತದೆ. ಆ ತೋಟದ ಮೇಲೆ ಬೂಜು ಬೆಳೆಯುತ್ತದೆ, ಮಳೆಗೆ ಅದೇ ಅಣಬೆಯಾಗಿ ಮೇಲೆ ಬರುತ್ತದೆ. ಅಂದರೆ ನಡುವೆ ಗೆದ್ದಲಿನ ಬಾಯಿ ಒಂದು ಹೆಚ್ಚಿಗೆ, ಅಷ್ಟೇ. ಮರದ ಅಣಬೆ ಆ ದಲ್ಲಾಳಿ ಇಲ್ಲದೆ ತಾನೇ ನೇರವಾಗಿ ಉಣ್ಣುತ್ತದೆ. ಹಾಗೆ ನೋಡಿದರೆ ಇದೇ ಹೆಚ್ಚು ಮಡಿ, ಅಲ್ಲೇನ್ರಿ?

ನಮ್ಮದೇನು ಮಲೆನಾಡಲ್ಲ, ಗೊತ್ತು. ಕೊಡಗಿನಲ್ಲಿ ಮಳೆಗಾಲಕ್ಕೆ ಕುಮ್ಮು ಅಂದರೆ ಮನೆಮಂದಿಗೆಲ್ಲ ಹಬ್ಬ. ಕರಾವಳಿಯಲ್ಲಿ ಕಲ್ಲಣಬೆಯನ್ನು ಮಾಂಸಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ಕಡೆ ಇರುವುದು ಸೋಯಾ, ತೊಗರಿ, ಉದ್ದು, ಹೆಸರು ಬೆಳೆವ ಎರೆ ನೆಲ. ಬಸವಕಲ್ಯಾಣ, ಹುಮನಾಬಾದ್ ಕಡೆ ಹೋದರೆ ಮುರುಮಿನ ಕೆಂಪು ನೆಲ. ಮರಗಳೆಲ್ಲ ಬದುವಿನ ಮೇಲೆ, ಮಠದ ಅಂಗಳದಲ್ಲಿ, ಗುಡಿ ಮತ್ತು ದರ್ಗಾದ ಹಿಂದೆ. ಆದರೂ ಲೆಕ್ಕ ಹಾಕಿ ನೋಡಿ: ಮಾವು, ಹುಣಸೆ, ಬೇವು, ಜಾಲಿ, ಆಲ, ಅತ್ತಿ. ಎಲ್ಲ ಅಗಲ ಎಲೆಯ, ಗಟ್ಟಿ ಕಟ್ಟಿಗೆಯ ಮರಗಳೇ. ಚಳಿ ದೇಶದ ಸೂಜಿ ಎಲೆಯ ಮರ ನಮ್ಮಲ್ಲಿ ಒಂದೂ ಇಲ್ಲ. ಮರದ ಅಣಬೆಗೆ ಬೇಕಾದದ್ದೂ ಇವೇ. ಸಿಡಿಲು ಹೊಡೆದ ಹುಣಸೆ, ಕೊಂಬೆ ಮುರಿದು ಗಾಯವಾದ ಮಾವು, ಕಡಿದು ಬಿಟ್ಟ ಬೊಡ್ಡೆ, ಇಂಥವು ಇದ್ದು ನಾಲ್ಕು ದಿನ ಬಿಡದೆ ಮಳೆ ಹತ್ತಿದರೆ ಸಾಕು.

ಕಣ್ಣಿಗೆ ಬೀಳುವವು ಮುಖ್ಯವಾಗಿ ಮೂರು ಬಗೆ. ಒಂದು ಚಿಪ್ಪಣಬೆ. ಬಿಳಿ ಇಲ್ಲವೇ ಬೂದು ಬಣ್ಣ, ಮರದ ಪಕ್ಕದಿಂದ ಚಾಚಿಕೊಂಡು ಬರುತ್ತದೆ, ಕಾಲು ಇದ್ದೂ ಇಲ್ಲದ ಹಾಗೆ. ಅಡಿಯ ಗೆರೆಗಳು ಕಾಲಿನ ತನಕ ಇಳಿದಿರುತ್ತವೆ. ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಯ್ಸ್ಟರ್ ಮಶ್ರೂಮ್ ಅಂತ ಮಾರುವುದು ಇದರ ಬಳಗವನ್ನೇ. ಎರಡನೆಯದು ಕಿವಿ ಅಣಬೆ. ಕಂದು ಬಣ್ಣ, ಮುಟ್ಟಿದರೆ ಮೆತ್ತಗೆ ಜಾರುತ್ತದೆ, ಆಕಾರವಂತೂ ಥೇಟ್ ಮನುಷ್ಯನ ಕಿವಿ. ಸಣ್ಣ ಹುಡುಗರು ಹೆದರುತ್ತಾರೆ. ಮರ ನಮ್ಮ ಮಾತು ಕೇಳಿಸಿಕೊಳ್ಳುತ್ತದೆ ಅಂತ ನಮ್ಮ ಆಯಿ ಹೇಳುತ್ತಿದ್ದಳು. ಆ ಮರದ ಕೆಳಗೆ ನಿಂತು ಯಾರನ್ನೂ ಬೈಯಬಾರದಂತೆ! ಬಿಸಿಲು ಬಂದರೆ ಆ ಕಿವಿ ಕರ್ರಗೆ ಮುದುಡಿ ಹಪ್ಪಳವಾಗುತ್ತದೆ, ಮತ್ತೆ ಮಳೆ ಬಂದರೆ ಮತ್ತೆ ಉಬ್ಬುತ್ತದೆ. ಚೀನಾದವರು ಇದನ್ನು ಸಾವಿರ ವರ್ಷಕ್ಕೂ ಹಿಂದಿನಿಂದ ಬೆಳೆಸಿ ಸಾರಿಗೆ ಹಾಕಿಕೊಂಡು ಬಂದಿದ್ದಾರೆ.

ಮೂರನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೆಬ್ಬೆರಳಿನ ಉಗುರಿನಷ್ಟು, ಹೆಚ್ಚೆಂದರೆ ಎರಡು ಉಗುರಿನಷ್ಟು ದೊಡ್ಡದು. ಮೇಲೆಲ್ಲ ಬಿಳಿ ನವಿರು, ಬೀಸಣಿಕೆಯ ಆಕಾರ. ತಿರುಗಿಸಿ ನೋಡಿದರೆ ಅಡಿಯ ಒಂದೊಂದು ಗೆರೆಯೂ ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಒಣ ಹವೆಗೆ ಆ ಸೀಳುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ತಮ್ಮ ಬೀಜಕಣ ಹುಟ್ಟುವ ಜಾಗವನ್ನು ಮುಚ್ಚಿಕೊಳ್ಳುತ್ತವೆ. ಹಸಿ ಬಂದಾಗ ಮತ್ತೆ ಬಿಚ್ಚುತ್ತವೆ. ವಿಜ್ಞಾನಿಗಳು ಕರೆಯುವ ಹೆಸರು ಶೈಜೊಫಿಲಮ್ ಕಮ್ಯೂನ್. ಹಿಮದ ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಜಗತ್ತಿನ ಎಲ್ಲ ಖಂಡಗಳಲ್ಲೂ ಇದೆ, ನಮ್ಮ ಸೌದೆಯ ರಾಶಿಯಲ್ಲೂ ಇದೆ. 1911ರಲ್ಲಿ ಒಣಗಿಸಿ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟ ತುಂಡುಗಳನ್ನು ಐವತ್ತು ವರ್ಷ ದಾಟಿದ ಮೇಲೆ ತೆಗೆದು ನೀರು ತಾಗಿಸಿದರೆ ಜೀವ ಬಂತಂತೆ, ಬೀಜಕಣ ಉದುರಿಸಲು ಶುರುಮಾಡಿತಂತೆ! ಅರ್ಧ ಶತಮಾನ ನೀರಿಲ್ಲದೆ ಕಾದು ಕೂತ ಜೀವ. ಬೇಸಿಗೆಯಲ್ಲಿ ನಾಲ್ಕು ದಿನ ನಳ ಬರದಿದ್ದರೆ ನಮ್ಮ ಓಣಿಯೇ ಎದ್ದು ನಿಲ್ಲುತ್ತದೆ, ಅಲ್ವಾ?

ಇದರ ಸಂಸಾರದ ಕತೆ ಇನ್ನೂ ವಿಚಿತ್ರ. ನಮ್ಮಲ್ಲಿ ಗಂಡು, ಹೆಣ್ಣು ಅಂತ ಎರಡು. ಇದರಲ್ಲಿ ಕೂಡಿಕೆಯ ಬಗೆಗಳೇ 23,000ಕ್ಕೂ ಹೆಚ್ಚು ಅಂತ ಲೆಕ್ಕ ಹಾಕಿದ್ದಾರೆ. ತನ್ನದೇ ಬಗೆಯೊಂದನ್ನು ಬಿಟ್ಟರೆ ಹೆಚ್ಚು ಕಡಿಮೆ ಯಾರು ಸಿಕ್ಕರೂ ಜೋಡಿ ಆಗಬಹುದು. ನಮ್ಮ ಕಡೆ ಒಂದು ವರ ನೋಡಬೇಕೆಂದರೆ ಬೆಡಗು ಬೇರೆ ಇರಬೇಕು, ಊರು ದೂರ ಇರಬಾರದು, ಅತ್ತೆ ಜೋರಿರಬಾರದು, ಹುಡುಗ ಸರಕಾರಿ ನೌಕರಿಯಲ್ಲಿರಬೇಕು. ಈ ಉಗುರಿನಷ್ಟು ಅಣಬೆಗೆ ಆ ಯಾವ ಚಿಂತೆಯೂ ಇಲ್ಲ. ದಾರಿಯಲ್ಲಿ ಎದುರಾದವರು ಸಾವಿರಕ್ಕೆ ಹೆಚ್ಚು ಕಡಿಮೆ ಸಾವಿರವೂ ಒಪ್ಪಿಗೆಯವರೇ. ಮಣಿಪುರದವರು ಇದನ್ನು ಕಾಂಗ್ಲಾಯೆನ್ ಅಂತ ಕರೆದು ಒಣಗಿಸಿಟ್ಟು, ಅಡಿಗೆಗೆ ಹಾಕಿ ಉಣ್ಣುತ್ತಾರೆ. ನಾವು ಸೌದೆಯ ಜೊತೆ ಒಲೆಗೆ ಹಾಕುತ್ತೇವೆ.

ಎಲ್ಲಿ ಬಿಟ್ಟಿದ್ದೆ? ಹಾಂ, ಗೂಟ. ನಮ್ಮ ನಿಮ್ಮ ನಡುವಿನ ಈ ತೊಗರಿಕಟಗಿ ಬೇಲಿಗೆ ನಾಲ್ಕು ಜಾಲಿ ಗೂಟ ಹುಗಿದಿದ್ದೇವಲ್ಲ, ಅದರಲ್ಲಿ ಮೂಲೆಯದ್ದನ್ನು ನೋಡಿದ್ದೀರೇನು? ನಿಮ್ಮ ಕಡೆ ಕಿವಿ ಎದ್ದಿವೆ, ನನ್ನ ಕಡೆ ಬಿಳಿ ಬೀಸಣಿಕೆ. ಗೂಟ ಒಂದೇ. ಹುಗಿದವರು ನಮ್ಮಪ್ಪ, ಗುಂಡಿ ತೋಡಿದವರು ನಿಮ್ಮ ಕಾಕಾ. ಈಗ ಆ ಅಣಬೆ ಯಾರ ಪಾಲಿಗೆ? ತಹಶೀಲ್ದಾರರ ಕಚೇರಿ ಈಗ ನಮ್ಮ ಊರಿನಲ್ಲೇ ಇದೆ, ಬಸವಕಲ್ಯಾಣದ ತನಕ ಹೋಗುವ ಗರಜು ಇಲ್ಲ, ಬೇಕಾದರೆ ಒಂದು ಅರ್ಜಿ ಕೊಡಬಹುದು! ಖರೆ ಹೇಳಬೇಕೆಂದರೆ ಅಣಬೆ ಅನ್ನುವುದು ಬರೇ ಹಣ್ಣು. ಅದರ ಮೈ ಇರುವುದು ಗೂಟದ ಒಳಗೆ, ಬಿಳಿ ದಾರದಂಥ ಎಳೆಗಳಾಗಿ, ಈ ಕಡೆಯಿಂದ ಆ ಕಡೆಗೆ ಹರಡಿಕೊಂಡು. ಒಳಗಿನ ಸಂಸಾರಕ್ಕೆ ನಮ್ಮ ಸರಹದ್ದು ಗೊತ್ತಿಲ್ಲ. ಹಣ್ಣು ಯಾವ ಕಡೆ ಮುಖ ಮಾಡುತ್ತದೋ ಆ ಮನೆಯವರು ಕಿತ್ತುಕೊಳ್ಳಲಿ, ನನ್ನ ತಕರಾರಿಲ್ಲ.

ನಿಮ್ಮ ಮನೆಯಲ್ಲಿ ಕಿತ್ತುಕೊಂಡರೂ ಒಳಗೆ ಒಲೆಗೆ ಏರಿಸುವುದು ಕಷ್ಟ, ಅದೂ ಗೊತ್ತು. ನಮ್ಮ ಆಯಿಗೂ ಹಾಗೇ. ಅಣಬೆ ಕಾಯಿಪಲ್ಯವೋ ಮಾಂಸವೋ ಅನ್ನುವ ಪ್ರಶ್ನೆ ಅವಳಿಗೆ ಸಾಯುವ ತನಕ ಬಗೆಹರಿಯಲಿಲ್ಲ. "ಬೀಜ ಇಲ್ಲ, ಎಲಿ ಇಲ್ಲ, ಬೇರ್ ಇಲ್ಲ, ಮಸಾಲಿ ಹಾಕಿದ್ರ ಮಾಂಸದ್ ವಾಸ್ನಿ. ಇದು ಗಿಡ ಹೆಂಗಾಗ್ತದೋ ತಮ್ಮಾ?" ಅಂತ ಕೇಳುತ್ತಿದ್ದಳು. ಓದು ಬರಹ ಇಲ್ಲದ ಆ ಮುದುಕಿಯ ಅನುಮಾನ ಎಷ್ಟು ಸರಿ ಇತ್ತು ಅಂತ ಆಮೇಲೆ ತಿಳಿಯಿತು. ಅಣಬೆ ಗಿಡವೇ ಅಲ್ಲ. ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬಾರದು. ಅದರ ಮೈಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿ, ಜಿರಳೆಯ ಬೆನ್ನಿನಲ್ಲಿ ಇರುವ ಅದೇ ಸರಕು. ಜೀವಿಗಳ ವಂಶಾವಳಿ ತೆಗೆದು ನೋಡಿದರೆ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಮನುಸ್ಮೃತಿಯಂತೂ ಬಹಳ ಹಿಂದೆಯೇ ಬೆಳ್ಳುಳ್ಳಿ, ಉಳ್ಳಾಗಡ್ಡಿಯ ಜೊತೆ ಅಣಬೆಯನ್ನೂ ದ್ವಿಜರಿಗೆ ಬೇಡ ಅಂದುಬಿಟ್ಟಿದೆ.

ಇನ್ನೊಂದು ಸಂಗತಿ ಆಯಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ. ಹೇಳಿದ್ದರೆ ಚಿಪ್ಪಣಬೆಯನ್ನು ಹಿತ್ತಲೊಳಗೇ ಬಿಡುತ್ತಿರಲಿಲ್ಲ. ಈ ಚಿಪ್ಪಣಬೆ ಹುಳ ಹಿಡಿದು ತಿನ್ನುತ್ತದೆ! ಕಟ್ಟಿಗೆಯಲ್ಲಿ ಸಾರಜನಕ ಬಹಳ ಕಡಿಮೆ. ಬರೇ ಕಟ್ಟಿಗೆ ಉಂಡು ಬದುಕುವುದು ಬರೇ ಗಂಜಿ ಕುಡಿದು ಬದುಕುವಂಥದ್ದು. ಅದಕ್ಕೆ ಅದರ ಎಳೆಗಳ ಮೇಲೆ ಸಣ್ಣ ಗುಳ್ಳೆಗಳಿವೆ. ಕಣ್ಣಿಗೆ ಕಾಣದ ಜಂತುಹುಳ ಬಂದು ತಾಗಿತೋ, ಗುಳ್ಳೆ ಒಡೆದು ವಿಷ ಹಾಯುತ್ತದೆ. ಹುಳ ಕೆಲವೇ ನಿಮಿಷದಲ್ಲಿ ಅಲ್ಲಾಡದ ಹಾಗಾಗುತ್ತದೆ. ಎಳೆಗಳು ಒಳಗೆ ನುಗ್ಗಿ ಹೀರಿಕೊಳ್ಳುತ್ತವೆ. ಆ ವಿಷ ಯಾವುದು ಅಂತ ತೈವಾನಿನ ಸಂಶೋಧಕರು 2023ರಲ್ಲಿ ಗುರುತಿಸಿದರು: 3-ಆಕ್ಟನೋನ್ ಅನ್ನುವ, ಗಾಳಿಗೆ ಹಾರುವ ವಸ್ತು. ನಾವು ಕಾಯಿಪಲ್ಯದ ಬುಟ್ಟಿಗೆ ಹಾಕಿಕೊಳ್ಳುವ ಈ ಅಣಬೆ ಸ್ವತಃ ಮಾಂಸಾಹಾರಿ. ಈಗ ಪಂಗತಿಯಲ್ಲಿ ಇದನ್ನು ಯಾವ ಸಾಲಿಗೆ ಕೂರಿಸುವುದು, ನೀವೇ ಹೇಳಿ.

ಊಟದ ಈ ತಕರಾರು ನಮ್ಮ ನೆಲಕ್ಕೆ ಹೊಸದಲ್ಲ. ಬಾಜೂ ಕಲ್ಯಾಣದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರ ಕೂತು 1129ರ ಸುಮಾರಿಗೆ ಮಾನಸೋಲ್ಲಾಸ ಅಂತ ಒಂದು ದೊಡ್ಡ ಪುಸ್ತಕ ಮಾಡಿದ್ದಾನೆ. ಅದರಲ್ಲಿ ಅರಸನ ಊಟದ ಭಾಗವೇ ಒಂದು ಜಾತ್ರೆ. ಇಡ್ಲಿಯ ಪೂರ್ವಿಕರು ಇದ್ದಾರೆ, ದೋಸೆಯ ಪೂರ್ವಿಕರು ಇದ್ದಾರೆ, ಆಮೆ ಇದೆ, ಹೊಲದ ಕಪ್ಪು ಇಲಿಯನ್ನು ಹೇಗೆ ಸುಟ್ಟು ಹದ ಮಾಡಬೇಕು ಅನ್ನುವುದೂ ಇದೆ. ಅರಸ ಇಲಿಯ ರುಚಿ ಬರೆಸಿದ ಅದೇ ಊರಿನಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ, ಶರಣರ ಮಹಾಮನೆಯ ದಾಸೋಹ ನಡೆಯಿತು. ಎರಡು ಅಡಿಗೆಮನೆಗಳು, ಒಂದೇ ಊರು. ಅಲ್ಲಿಂದ ಇಲ್ಲಿಯ ತನಕ ನಾವು ಯಾವುದನ್ನು ಉಣ್ಣಬೇಕು, ಯಾವುದನ್ನು ಬಿಡಬೇಕು ಅಂತ ಮಾತಾಡುತ್ತಲೇ ಇದ್ದೇವೆ. ಮಾತು ಮುಗಿಯುವುದಿಲ್ಲ, ಮುಗಿಯಬೇಕೂ ಇಲ್ಲ ಬಿಡಿ.

ಶರಣರು ಅಂದಾಗ ನೆನಪಾಯಿತು. ಮರದ ಅಣಬೆ ಕಂಡಾಗೆಲ್ಲ ನನಗೆ ಮೋಳಿಗೆಯ ಮಾರಯ್ಯ ನೆನಪಾಗುತ್ತಾನೆ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿ ಅವನ ಗವಿ ಇದೆಯಲ್ಲ. ಕಾಶ್ಮೀರದ ಅರಸನಾಗಿದ್ದವನು, ಬಸವಣ್ಣನ ಹೆಸರು ಕೇಳಿ ರಾಜ್ಯ ಬಿಟ್ಟು ಹೆಂಡತಿ ಮಹಾದೇವಿಯೊಡನೆ ಇಲ್ಲಿಗೆ ಬಂದು, ಕಾಡಿನಲ್ಲಿ ಕಟ್ಟಿಗೆ ಆರಿಸಿ, ಹೊರೆ ಮಾರಿ, ಬಂದ ಕಾಸಿನಲ್ಲಿ ಜಂಗಮರಿಗೆ ಉಣ್ಣಲಿಕ್ಕೆ ಹಾಕಿದವನು ಅಂತ ಕತೆ. ದಿನವೂ ಒಣ ಕಟ್ಟಿಗೆ ಆರಿಸುವವನಿಗೆ ಮಳೆಗಾಲದಲ್ಲಿ ಕೈಗೆ ಏನೇನು ಸಿಕ್ಕಿರಬೇಡ! ಅದರಲ್ಲೂ ಅವನು ಬಂದ ಕಾಶ್ಮೀರದ ಕಾಡಿನ ನೆಲದಲ್ಲಿ ಗುಚ್ಚಿ ಅನ್ನುವ ಅಣಬೆ ಏಳುತ್ತದೆ. ಒಣಗಿಸಿದ್ದಕ್ಕೆ ಇವತ್ತು ಕಿಲೋಗೆ ಹತ್ತಾರು ಸಾವಿರ ರೂಪಾಯಿ. ಆ ಊರಿನವನು ನಮ್ಮ ಜಾಲಿ, ಹುಣಸೆಯ ಒಣ ಕೊಂಬೆಗಳ ನಡುವೆ ತಿರುಗುವಾಗ ಬಿಳಿ ಚಿಪ್ಪು ಕಂಡಿದ್ದರೆ, ಅದನ್ನು ಹೊರೆಗೆ ಕಟ್ಟುತ್ತಿದ್ದನೋ ಬಿಡುತ್ತಿದ್ದನೋ ಅಂತ ನಾನು ಯೋಚಿಸುತ್ತ ಕೂರುತ್ತೇನೆ. ಬಿಡುತ್ತಿದ್ದ ಅಂತಲೇ ನನ್ನ ಅಂದಾಜು. ಕಟ್ಟಿಗೆ ಬಲ್ಲವನು ಅಣಬೆ ಎದ್ದ ಕಟ್ಟಿಗೆಯನ್ನು ಮಾರಲಿಕ್ಕೆ ತರುವುದಿಲ್ಲ, ಅಲ್ವಾ? ಅದಕ್ಕೆ ಉರಿ ಇಲ್ಲ, ಬರೇ ಹೊಗೆ.

ಉರಿ ಯಾಕಿಲ್ಲ ಅಂದರೆ, ಅಣಬೆ ಅದನ್ನು ಆಗಲೇ ಉಂಡಿರುತ್ತದೆ. ಕಟ್ಟಿಗೆಗೆ ಗಟ್ಟಿತನ ಕೊಡುವುದು ಲಿಗ್ನಿನ್ ಅನ್ನುವ ವಸ್ತು. ಅದನ್ನು ಒಡೆದು ಅರಗಿಸಿಕೊಳ್ಳಬಲ್ಲ ಜೀವಿಗಳು ಭೂಮಿಯ ಮೇಲೆ ಬಹಳ ಇಲ್ಲ. ಚಿಪ್ಪಣಬೆ ಆ ಕೆಲವರಲ್ಲಿ ಒಬ್ಬ. ಕಂದು ಲಿಗ್ನಿನ್ ಹೋದಮೇಲೆ ಕಟ್ಟಿಗೆ ಬೆಳ್ಳಗೆ, ಹಗುರಾಗಿ, ಎಳೆ ಎಳೆಯಾಗಿ ಉಳಿಯುತ್ತದೆ. ಬೆರಳಿನಿಂದ ಒತ್ತಿದರೆ ಕುಸಿಯುತ್ತದೆ. ಅದೇ ಕಟ್ಟಿಗೆಯಲ್ಲಿ ಕುಟ್ರಹಕ್ಕಿ ಗೂಡು ಕೊರೆಯುತ್ತದೆ, ಗಿಳಿ ಸಂಸಾರ ಹೂಡುತ್ತದೆ, ಹಾಲಕ್ಕಿ ಹಗಲೆಲ್ಲ ಕೂತು ನಿದ್ದೆ ಮಾಡುತ್ತದೆ. ಗಟ್ಟಿ ಮರದಲ್ಲಿ ಅವಕ್ಕೆ ಬಾಗಿಲು ಎಲ್ಲಿಂದ ಬರಬೇಕು? ಅಣಬೆ ಮೊದಲು ಬಂದು ಮೆತ್ತಗೆ ಮಾಡಿದಮೇಲೆ ಅವು ಬರುತ್ತವೆ. "ಅಣಬಿ ಹತ್ತಿತು, ಮರ ಸತ್ತಿತು" ಅಂತ ನಮ್ಮವರು ಅಣಬೆಯ ಮೇಲೆ ತಪ್ಪು ಹೊರಿಸುತ್ತಾರೆ. ಹೆಚ್ಚಿನ ಸಲ ಮರ ಮೊದಲೇ ಗಾಯಗೊಂಡಿರುತ್ತದೆ, ಇಲ್ಲವೇ ಸತ್ತಿರುತ್ತದೆ. ಇದು ಬಂದು ಉಳಿದ ಕೆಲಸ ಮಾಡಿ ಮಣ್ಣಿಗೆ ಮಣ್ಣು ಸೇರಿಸಿ ಹೋಗುತ್ತದೆ.

ಗುಡುಗಿದರೆ ಅಣಬೆ ಏಳುತ್ತದೆ ಅಂತ ಹಿರಿಯರು ಹೇಳುವುದು ನಿಮ್ಮ ಕಿವಿಗೂ ಬಿದ್ದಿರಬೇಕು. ಗುಡುಗಿನ ಜೊತೆ ಮಳೆ ಬರುತ್ತದೆ, ಮಳೆಗೆ ಅಣಬೆ ಬರುತ್ತದೆ, ಅದರಲ್ಲಿ ಏನು ವಿಶೇಷ ಅಂತ ಯಾರಾದರೂ ಅನ್ನಬಹುದು. ಆದರೆ ಜಪಾನಿನ ಇವಾತೆ ವಿಶ್ವವಿದ್ಯಾಲಯದವರು ಸುಮ್ಮನೆ ಬಿಡಲಿಲ್ಲ. ಅಲ್ಲಿಯೂ ರೈತರು ಸಿಡಿಲಿಗೆ ಅಣಬೆ ಹೆಚ್ಚುತ್ತದೆ ಅನ್ನುತ್ತಾರೆ. ಇವರು ಶಿಟಾಕೆ ಅಣಬೆ ಬೆಳೆಯುವ ಕಟ್ಟಿಗೆ ತುಂಡುಗಳಿಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲದ, ಜೋರು ವೋಲ್ಟಿನ ವಿದ್ಯುತ್ತು ಹಾಯಿಸಿದರು. ಕೆಲವು ಬಗೆಯಲ್ಲಿ ಇಳುವರಿ ದುಪ್ಪಟ್ಟಾಯಿತು. ಗುಡುಗು ಸಿಡಿಲಿಗೆ ನಮ್ಮ ಬೀದರ್ ಜಿಲ್ಲೆಯಲ್ಲಿ ಯಾವ ಕೊರತೆಯೂ ಇಲ್ಲ. ಮುಂಗಾರಿನ ಮೊದಲ ಮಳೆಗೆ ಹೊಲದಲ್ಲಿದ್ದವರು ಓಡಿ ಮನೆ ಸೇರುತ್ತಾರಲ್ಲ, ಆಗ ಬದುವಿನ ಬೊಡ್ಡೆಯೊಳಗೆ ಯಾರೋ ಮೈ ಮುರಿದು ಏಳುತ್ತಿರುತ್ತಾರೆ.

ಈಗ ಒಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಮಕ್ಕಳಿಗೂ ಕೇಳಿಸಲಿ. ಮರದ ಮೇಲೆ ಬೆಳೆದದ್ದೆಲ್ಲ ತಿನ್ನಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಂಪು ದೇಶಗಳಲ್ಲಿ ಗ್ಯಾಲರೈನಾ ಅನ್ನುವ ಸಣ್ಣ ಕಂದು ಅಣಬೆ ಸತ್ತ ಕಟ್ಟಿಗೆಯ ಮೇಲೇ ಏಳುತ್ತದೆ. ಅದರಲ್ಲಿ ಇರುವುದು ಮನುಷ್ಯನ ಯಕೃತ್ತನ್ನೇ ಕೊಲ್ಲುವ ವಿಷ. ಕತ್ತಲಲ್ಲಿ ಹೊಳೆಯುವ, ಕಟ್ಟಿಗೆಯ ಮೇಲೆ ಗುಂಪಾಗಿ ಬರುವ ಒಂಫಲೋಟಸ್ ಅನ್ನುವುದೂ ವಿಷವೇ, ಚಿಪ್ಪಣಬೆ ಅಂದುಕೊಂಡು ಅದನ್ನು ತಿಂದವರಿದ್ದಾರೆ. ಇನ್ನು ನಮ್ಮ ಕಡೆಯ ಪರೀಕ್ಷೆಗಳು. ಬೆಳ್ಳಿ ಕಾಲುಂಗುರ ಹಾಕಿ ಕುದಿಸಿದರೆ ಕಪ್ಪಾಗಬಾರದು, ಬೆಳ್ಳುಳ್ಳಿ ಬಣ್ಣ ತಿರುಗಬಾರದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು. ಇವು ಒಂದೂ ನಿಜವಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ, ಕೊಲ್ಲುವ ವಿಷಕ್ಕೆ ಬೆಳ್ಳಿಯ ಪರಿವೆಯೇ ಇಲ್ಲ. ಹುಳಕ್ಕೆ ಏನೂ ಮಾಡದ ವಿಷ ನಮಗೆ ಮಾಡುತ್ತದೆ. ಅದರಲ್ಲೂ ಕೆಟ್ಟದ್ದು ಏನೆಂದರೆ, ಆ ಯಕೃತ್ತಿನ ವಿಷ ತಿಂದ ತಕ್ಷಣ ಗೊತ್ತೇ ಆಗುವುದಿಲ್ಲ, ಆರರಿಂದ ಹನ್ನೆರಡು ತಾಸು, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು ಬಿಟ್ಟು ವಾಂತಿ ಶುರುವಾಗುತ್ತದೆ, ಆಗಲೇ ಒಳಗೆ ಹಾಳಾಗಿರುತ್ತದೆ. ಅದಕ್ಕೇ, ವರ್ಷಗಟ್ಟಲೆ ತಿಂದು ಗುರುತು ಬಲ್ಲವರು ಕೈಯಲ್ಲಿ ಹಿಡಿದು ತೋರಿಸದ ಹೊರತು ಬಾಯಿಗೆ ಇಡಬೇಡಿ. ಸೋಯಾಕ್ಕೆ ಔಷಧ ಹೊಡೆದ ಹೊಲದ ಬದುವಿನದು, ಡಾಂಬರು ರಸ್ತೆಯ ದಂಡೆಯದು ಅಂತೂ ಬೇಡವೇ ಬೇಡ. ಅಣಬೆ ಸುತ್ತಲಿನ ವಿಷವನ್ನೂ ಹೀರಿಕೊಂಡು ಕೂತಿರುತ್ತದೆ.

ಹೆದರಿಕೆ ಇದ್ದವರಿಗೆ ಒಳ್ಳೆಯ ದಾರಿಯೂ ಇದೆ, ಮತ್ತು ಆ ದಾರಿ ತೆಗೆದವರು ನಮ್ಮ ಕರ್ನಾಟಕದಲ್ಲೇ ಕೂತಿದ್ದವರು. ಮೊದಲು ಚಿಪ್ಪಣಬೆಯನ್ನು ಮನುಷ್ಯ ಬೆಳೆಸಿದ್ದು ಜರ್ಮನಿಯಲ್ಲಿ, 1917ರಲ್ಲಿ, ಯುದ್ಧದ ಹಸಿವಿನ ಕಾಲದಲ್ಲಿ. ಫಾಲ್ಕ್ ಅನ್ನುವವರು ಮರದ ಬೊಡ್ಡೆ, ತುಂಡುಗಳಿಗೇ ಚಿಪ್ಪಣಬೆಯ ಬಿತ್ತನೆ ಮಾಡಿದರು. ಆದರೆ ಎಲ್ಲರ ಮನೆಯಲ್ಲೂ ಬೊಡ್ಡೆ ಎಲ್ಲಿಂದ ಬರಬೇಕು? ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಗೊತ್ತಲ್ಲ, ಅಲ್ಲಿ ಜಾಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಈ ಮರದ ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸಿ ನೋಡಿದರು. ಅವರ ಬರಹ 1962ರಲ್ಲಿ ಬಂತು. ಮರದಿಂದ ಇಳಿದು ಹುಲ್ಲಿಗೆ ಬಂತು ನೋಡಿ ಅಣಬೆ! ಇವತ್ತು ದೇಶದ ತುಂಬ ಗುಡಿಸಲಿನಲ್ಲಿ, ಹಳೆಯ ಕೋಣೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ತುಂಬಿ ನೇತು ಹಾಕಿ ಬೆಳೆಯುವ ಚಿಪ್ಪಣಬೆಗೆ ಆ ಕೆಲಸ ಬುನಾದಿ. ನಾವು ಅರಮನೆ ಅಂದರೆ ದಸರಾ, ಆನೆ ಅಂತ ನೆನೆಯುತ್ತೇವೆ. ಬಾನೊ ಅವರ ಹೆಸರು ಸಾಲಿ ಪುಸ್ತಕದಲ್ಲಿ ಬರಬೇಕಿತ್ತು ಅಂತ ನನಗೆ ಬಹಳ ಅನಿಸುತ್ತದೆ.

ನಮ್ಮಲ್ಲಿ ಭತ್ತದ ಹುಲ್ಲು ಇಲ್ಲದಿದ್ದರೇನಾಯಿತು, ಸೋಯಾ ಹೊಟ್ಟು ಬಿದ್ದಿದೆಯಲ್ಲ ಬೇಕಾದಷ್ಟು. ರಾಶಿ ಮಾಡಿದ ಮೇಲೆ ಎಷ್ಟೋ ಜನ ಹೊಲದಲ್ಲೇ ಬೆಂಕಿ ಹಚ್ಚಿಬಿಡುತ್ತಾರೆ. ಚಿಪ್ಪಣಬೆಗೆ ಸೋಯಾ ಹೊಟ್ಟು ಅಂದರೆ ಹಬ್ಬದೂಟ. ಹೊಟ್ಟನ್ನು ನೆನೆಸಿ, ಬಿಸಿ ನೀರಿನಲ್ಲಿ ಹದ ಮಾಡಿ, ಹಿಂಡಿ, ಚೀಲದಲ್ಲಿ ಒಂದು ಪದರ ಹೊಟ್ಟು ಒಂದು ಪದರ ಬಿತ್ತನೆ ಹಾಕಿ ಕತ್ತಲ ಕೋಣೆಯಲ್ಲಿಟ್ಟರೆ ಮೂರು ವಾರದ ಸುಮಾರಿಗೆ ಚೀಲ ಪೂರ ಬೆಳ್ಳಗಾಗುತ್ತದೆ. ಆಮೇಲೆ ಸೀಳು ಕೊಟ್ಟು ನೀರು ಚಿಮುಕಿಸುತ್ತ ಹೋದರೆ ವಾರದೊಳಗೆ ಗೊಂಚಲು. ನಮ್ಮ ಜಿಲ್ಲೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಮಳೆಗಾಲ, ಚಳಿಗಾಲ ಎರಡೂ ಇದಕ್ಕೆ ಒಗ್ಗುತ್ತವೆ. ಬೇಸಿಗೆ ಮಾತ್ರ ಬೇಡ. ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಅದರ ಬೀಜಕಣ ದಿನವೂ ಒಳಗೆ ಹೋದರೆ ಕೆಮ್ಮು, ಉಸಿರಿನ ತೊಂದರೆ. ಮುಗಿದ ಹೊಟ್ಟು ತಿಪ್ಪೆಗೆ. ಏನೂ ಹಾಳಾಗಲಿಲ್ಲ ನೋಡಿ.

ಅಡಿಗೆ ಕೇಳಿದಿರಾ? ಹಸಿ ತಿನ್ನಬಾರದು, ಅದು ಮೊದಲು. ನೀರಿನಲ್ಲಿ ನೆನೆ ಹಾಕಬಾರದು, ಅದು ಎರಡನೆಯದು. ಹಸಿ ಚಿಪ್ಪಣಬೆಯಲ್ಲಿ ನೂರಕ್ಕೆ 90ರಷ್ಟು ನೀರೇ ಇರುವಾಗ ಇನ್ನಷ್ಟು ಕುಡಿಸಿ ಏನು ಮಾಡುತ್ತೀರಿ. ಕೈಯಿಂದ ಉದ್ದಕ್ಕೆ ಹರಿದು, ಕಬ್ಬಿಣದ ಬಾಣಲೆಯಲ್ಲಿ ಹಾಗೇ ಹಾಕಿ, ಅದು ಬಿಟ್ಟ ನೀರು ಪೂರ ಆರುವ ತನಕ ಬಿಡಬೇಕು. ಆಮೇಲೆ ಎಣ್ಣೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಹಸಿಮೆಣಸು, ಕಡೆಗೆ ಒಂದು ಹಿಡಿ ಶೇಂಗಾ ಪುಡಿ. ಬಿಸಿ ಜೋಳದ ರೊಟ್ಟಿ ಸಂಗಡ ಇದ್ದರೆ ಮಾತು ನಿಲ್ಲುತ್ತದೆ. ಎಳ್ಳಮಾವಾಸ್ಯೆಯ ಭಜ್ಜಿಗೆ ಹೊಲದ ಎಲ್ಲ ಕಾಳು, ಎಲ್ಲ ಸೊಪ್ಪು ಹಾಕುತ್ತೇವೆ, ಇದನ್ನೂ ಹಾಕಿದರೆ ಹೇಗೆ ಅಂತ ನನಗೊಂದು ಆಸೆ. ನಮ್ಮ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಉಳಿದದ್ದನ್ನು ಮಾಳಿಗೆಯ ಮೇಲೆ ಸಂಡಿಗೆಯ ಬಾಜೂ ಒಣ ಹಾಕಿ. ಅಣಬೆಯನ್ನು ಬಿಸಿಲಿಗೆ ಹರಡಿದರೆ ಅದರಲ್ಲಿ ಡಿ ಜೀವಸತ್ವ ಹುಟ್ಟುತ್ತದೆ, ನಮ್ಮ ಮೈಯಲ್ಲಿ ಹುಟ್ಟುವ ಹಾಗೇ.

ಇಷ್ಟೆಲ್ಲ ನಾನು ಯಾಕೆ ಹೇಳುತ್ತ ನಿಂತೆ ಅಂದರೆ, ನಿಮ್ಮ ಕಾಕಾ ನಿನ್ನೆ ಟ್ರ್ಯಾಕ್ಟರಿನವನ ಜೊತೆ ಮಾತಾಡುತ್ತಿದ್ದರು. ಪಡುವಣ ಹೊಲದ ಬದುವಿನ ಮೇಲಿನ ಹಳೇ ಮಾವಿನ ಬೊಡ್ಡೆಗೆ ಬೆಂಕಿ ಹಾಕಿ ಸುಟ್ಟು, ಜಾಗ ಸಾಫ್ ಮಾಡಿ, ಇನ್ನೆರಡು ಸಾಲು ಸೋಯಾ ಹಾಕಬೇಕಂತೆ. ಎರಡು ಸಾಲಿಗೆ ಎಷ್ಟು ಬರಬಹುದು, ಒಂದು ಪುಟ್ಟಿ? ಆಚೆ ಈಚೆ ಊರುಗಳಲ್ಲಿ ಬದುವಿನ ಮರಗಳು ಹೀಗೇ ಒಂದೊಂದಾಗಿ ಹೋದವು. ಬದು ಬೋಳಾಗಿದೆ, ನೆರಳಿಗೆ ಕೂತು ರೊಟ್ಟಿ ಬಿಚ್ಚಲಿಕ್ಕೂ ಜಾಗ ಇಲ್ಲ. ನಿಂತ ಮರ ಉಳಿಸಿ ಅಂತ ಎಲ್ಲರೂ ಹೇಳುತ್ತಾರೆ, ಸತ್ತ ಮರದ ಪರವಾಗಿ ಮಾತಾಡುವವರು ಯಾರಿದ್ದಾರೆ? ಆ ಬೊಡ್ಡೆಯ ಉತ್ತರ ಮಗ್ಗುಲಲ್ಲಿ ಹೋದ ವರ್ಷ ಎಷ್ಟು ಚಿಪ್ಪು ಎದ್ದಿದ್ದವು, ನೀವೇ ಅಲ್ಲವೇ ಕರೆದು ತೋರಿಸಿದ್ದು. ನಾನು ಹೇಳಿದರೆ ಅವರು ನಗುತ್ತಾರೆ. ನೀವು ಮನೆಯವರು, ಊಟಕ್ಕೆ ಕೂತಾಗ ನಿಧಾನಕ್ಕೆ ಒಂದು ಮಾತು ಹಾಕಿ ನೋಡ್ರಿ. ಬೊಡ್ಡೆ ಅದರ ಪಾಡಿಗೆ ಅದು ಕರಗಲಿ, ಅಲ್ಲಿಯ ತನಕ ಆ ಎರಡು ಸಾಲಿನ ಬದಲು ಬೇಕಾದರೆ ನಮ್ಮ ಹೊಲದ ಅಂಚಿನ ಪಟ್ಟಿಯಲ್ಲಿ ಹಾಕಿಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಟ್ರ್ಯಾಕ್ಟರಿನವನು ಸೋಮವಾರ ಬರುತ್ತಾನಂತೆ, ಹಂಗಾಗಿ ಇವತ್ತೇ ಮಾತಾಡ್ರಿ, ಆಯ್ತೇನ್ರಿ?